ಒಂದೇ ಡಬ್ಬಿಯಲ್ಲಿ ನಾಲ್ಕು ಚೇಳು

ಜತ್ತ: ನಮ್ಮ ಓಣಿಯ ಹುಡುಗನೊಬ್ಬ ಕಳೆದ ಮಳೆಗಾಲದಲ್ಲಿ ಹೊಲದ ಬದುವಿನ ಕಲ್ಲು ಎಬ್ಬಿಸಿ ನಾಲ್ಕು ಚೇಳು ಹಿಡಿದು ತಂದು ಬಿಸ್ಕಿಟ್ ಡಬ್ಬಿಯಲ್ಲಿ ಹಾಕಿಟ್ಟಿದ್ದ. ಗಾಜಿನ ಪೆಟ್ಟಿಗೆಯಲ್ಲಿ ಚೇಳು ಸಾಕುವ ವಿದೇಶಿಯರ ವಿಡಿಯೊವನ್ನು ಮೊಬೈಲಿನಲ್ಲಿ ನೋಡಿದ್ದನಂತೆ. ಎರಡು ದಿನ ಬಿಟ್ಟು ಮುಚ್ಚಳ ತೆಗೆದರೆ ಎರಡೇ ಇದ್ದವು. ಉಳಿದವುಗಳ ಕಾಲು, ಕೊಂಡಿ ಮಾತ್ರ ತಳದಲ್ಲಿ ಬಿದ್ದಿದ್ದವು. 'ಕಾಕಾ, ವಿಡಿಯೊದಾಗ ಎಲ್ಲಾ ಕೂಡಿ ಇರ್ತಾವ, ಇವ್ಯಾಕ ಹಿಂಗ ಮಾಡಿದ್ವು?' ಎಂದು ಕೇಳಿದ.

ವಿಡಿಯೊದಲ್ಲಿದ್ದದ್ದು ಬೇರೆ ಜಾತಿ. ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ ಕಡೆಯ ಕಾಡುಗಳ ಎಂಪರರ್ ಚೇಳು ಅದು. ಕಪ್ಪು ಮೈ, ದಪ್ಪ ಇಕ್ಕಳಗೈ, ಒಂದು ಗೇಣಿನಷ್ಟು ಉದ್ದ. ಬಿಲದಲ್ಲಿ, ಗೆದ್ದಲು ಹುತ್ತದಲ್ಲಿ ತಾಯಿ ಮರಿಗಳು ಬಹಳ ಕಾಲ ಒಟ್ಟಿಗೇ ಇರುತ್ತವೆ. ಚೇಳುಗಳಲ್ಲಿ ಇದು ಅಪರೂಪ. ಹೆಚ್ಚಿನ ಜಾತಿಗಳು ಒಂಟಿ. ಚೇಳಿಗೆ ಕಣ್ಣು ಮಂದ. ನೆಲದ ಅದುರನ್ನು ಕಾಲಿನಿಂದ ಹಿಡಿದು ಬೇಟೆಯಾಡುತ್ತದೆ. ತನ್ನ ಹಿಡಿತಕ್ಕೆ ಸಿಗುವಂಥದ್ದು ಏನೇ ಹತ್ತಿರ ಅಲ್ಲಾಡಿದರೂ ಅದಕ್ಕೆ ಆಹಾರವೇ. ಕೂಡಿದ ಮೇಲೆ ಹೆಣ್ಣು ಗಂಡನ್ನೇ ತಿನ್ನುವುದೂ ಉಂಟು.

ಮರಿಗಳು ತಾಯಿಯ ಹೊಟ್ಟೆ ಸೀಳಿಕೊಂಡು ಬರುತ್ತವೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದು ನಿಜವಲ್ಲ. ಚೇಳು ಮೊಟ್ಟೆ ಇಡದೆ ಮರಿಯನ್ನೇ ಹಾಕುತ್ತದೆ. ಮೊದಲ ಸಲ ಪೊರೆ ಬಿಡುವವರೆಗೂ ಮರಿಗಳು ತಾಯಿಯ ಬೆನ್ನ ಮೇಲಿರುತ್ತವೆ. ಆಮೇಲೆ ಇಳಿದು ತಮ್ಮ ದಾರಿ ಹಿಡಿಯುತ್ತವೆ. ಡಬ್ಬಿಯಲ್ಲಿ ಆ ದಾರಿ ಇಲ್ಲವಲ್ಲ.

ಎಂಪರರ್ ಚೇಳನ್ನು ಕೂಡಿಸಿ ಸಾಕುವವರೂ ಹಲವು ಎಚ್ಚರ ವಹಿಸುತ್ತಾರೆ. ಎಲ್ಲವೂ ಒಂದೇ ಜಾತಿಯವು, ಒಂದೇ ಅಳತೆಯವು ಇರಬೇಕು. ಒಂದೇ ತಾಯಿಯ ಮರಿಗಳಾದರೆ ಇನ್ನೂ ಒಳ್ಳೆಯದು. ಎರಡು ಅಡಿ ಪೆಟ್ಟಿಗೆಗೆ ಎರಡು ಮೂರಕ್ಕಿಂತ ಹೆಚ್ಚು ಬೇಡ. ತಳದಲ್ಲಿ ಬಿಲ ತೋಡುವಷ್ಟು ತೇವದ ಮಣ್ಣು, ತಲೆಗೊಂದರಂತೆ ಅಡಗುದಾಣ, ಮೇಲೆ ಒಂದು ಹೆಚ್ಚಿಗೆ. ಹೊಟ್ಟೆಗೆ ಕಡಿಮೆ ಮಾಡುವಂತಿಲ್ಲ. ಇಷ್ಟೆಲ್ಲ ಮಾಡಿದರೂ ಪೊರೆ ಬಿಡುವ ಹೊತ್ತು ಕಷ್ಟದ್ದು. ಹಳೆಯ ಚಿಪ್ಪು ಕಳಚಿದ ಚೇಳಿನ ಮೈ ಬೆಣ್ಣೆಯಂತಿರುತ್ತದೆ, ಕೊಂಡಿಯೂ ಕೆಲಸಕ್ಕೆ ಬಾರದು. ಆಗ ಪಕ್ಕದಲ್ಲಿರುವ ಒಡಹುಟ್ಟಿದ್ದೇ ತಿಂದು ಮುಗಿಸುತ್ತದೆ. ಪೊರೆ ಬಿಡುವ ಲಕ್ಷಣ ಕಂಡ ಕೂಡಲೇ ಬೇರೆ ಇಡಬೇಕು.

ಹಾಗೆಂದು ಕೂಡಿ ಬಾಳುವ ಚೇಳೆಲ್ಲ ಸಾಧು ಎಂದುಕೊಳ್ಳಬೇಡಿ. ಅಮೆರಿಕದ ಅರಿಜೋನಾದಲ್ಲಿ ಮರದ ತೊಗಟೆಯಲ್ಲಿರುವ ಒಂದು ಚೇಳು ಚಳಿಗಾಲದಲ್ಲಿ ಗುಂಪಾಗಿ ಇರುತ್ತದೆ. ಆ ದೇಶದಲ್ಲಿ ಅತಿ ಹೆಚ್ಚು ವಿಷದ ಚೇಳೂ ಅದೇ.

ಇನ್ನು ನಮ್ಮ ಕಡೆಯದು. ಮರಾಠಿಯಲ್ಲಿ ವಿಂಚೂ, ತೆಲುಗಿನಲ್ಲಿ ತೇಲು, ಹೆಸರು ಯಾವುದಾದರೂ ಗುರುತು ಒಂದೇ: ಕೈ ದಪ್ಪ, ಬಾಲ ತೆಳ್ಳಗಿದ್ದರೆ ವಿಷ ಸಾಮಾನ್ಯವಾಗಿ ಕಡಿಮೆ. ಕೈ ತೆಳ್ಳಗೆ, ಬಾಲ ದಪ್ಪ ಇದ್ದರೆ ದೂರ ಸರಿಯಿರಿ. ನೋಡಲು ದೊಡ್ಡದಾದ ಕರಿ ಚೇಳಿಗಿಂತ ಎರಡು ಮೂರು ಅಂಗುಲದ ಕೆಂಪು ಚೇಳೇ ಜೀವಕ್ಕೆ ಅಪಾಯ. ಹುಡುಗನ ಡಬ್ಬಿಯಲ್ಲಿ ಉಳಿದ ಎರಡೂ ಕೆಂಪೇ ಆಗಿದ್ದವು!

ಕಂದಕೂರಿನಲ್ಲಿ ಜನ ಕೈಮೇಲೆ ಬಿಟ್ಟುಕೊಳ್ಳುತ್ತಾರಲ್ಲ ಎಂದು ಕೆಲವರು ಕೇಳಬಹುದು. ಯಾದಗಿರಿ ಜಿಲ್ಲೆಯ ಆ ಊರಿನ ಬೆಟ್ಟದಲ್ಲಿ ನಾಗರಪಂಚಮಿಯಂದು ನಡೆಯುವುದು ಒಂದು ದಿನದ ಆಚರಣೆ. ಮನೆಯಲ್ಲಿ ಚೇಳು ಇಟ್ಟುಕೊಳ್ಳಲು ಅದು ಪರವಾನಗಿ ಅಲ್ಲ. ದುಡ್ಡು ಕೊಟ್ಟು ಎಂಪರರ್ ತರಿಸುವವರಿಗೂ ಒಂದು ಮಾತು. ಅದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವ ಪ್ರಾಣಿ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಕಾಯ್ದೆಯ ಪ್ರಕಾರ ಅಂಥವನ್ನು ನೋಂದಣಿ ಮಾಡಿಸದೆ ಇಟ್ಟುಕೊಳ್ಳುವಂತಿಲ್ಲ.

ನನಗೆ ಹೆಚ್ಚು ಹೆದರಿಕೆ ಆದದ್ದು ಬೇರೆ ವಿಷಯಕ್ಕೆ. ಡಬ್ಬಿ ಹಾಸಿಗೆಗಳ ಒಟ್ಟಿನ ಹಿಂದಿತ್ತು, ತಾಯಿಗೆ ಗೊತ್ತಿರಲಿಲ್ಲ. ಕಳ್ಳನಿಗೆ ಚೇಳು ಕಡಿದಂತೆ ಎನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತಿತ್ತು. ಬೈಸಿಕೊಳ್ಳುವ ಹೆದರಿಕೆಗೆ ಹುಡುಗ ಬಾಯಿ ಬಿಡುತ್ತಿರಲಿಲ್ಲ. ಕೆಂಪು ಚೇಳು ಕಡಿದಾಗ ಕಳೆದುಹೋಗುವ ಹೊತ್ತೇ ಮುಖ್ಯ. ಮೈಯೆಲ್ಲ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು, ಆಮೇಲೆ ಉಸಿರಾಟದ ತೊಂದರೆ. ಸಣ್ಣ ಮಕ್ಕಳಿಗೆ ಇದು ಬೇಗ ಏರುತ್ತದೆ. ರಾಯಗಡ ಜಿಲ್ಲೆಯ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆಯಿಂದ ಇದಕ್ಕೆ ಚಿಕಿತ್ಸೆ ಕೊಟ್ಟು ಸಾವನ್ನು ಬಹಳಷ್ಟು ತಗ್ಗಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚೇಳಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೂ ಇದೆ. ಕಡಿದ ಜಾಗ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸಲು ಕಾಯುವುದು ಬೇಡ, ನೇರ ದವಾಖಾನೆಗೆ ಹೋಗಿ.

ಆ ಎರಡು ಚೇಳನ್ನು ಡಬ್ಬಿ ಸಮೇತ ಒಯ್ದು, ಉದ್ದ ಕೋಲಿನಿಂದ ಮುಚ್ಚಳ ಸರಿಸಿ, ಊರಾಚೆಯ ಕಲ್ಲುಗುಡ್ಡೆಯಲ್ಲಿ ಬಿಟ್ಟು ಬಂದೆವು. ಒಂದು ಎಡಕ್ಕೆ ಹೋಯಿತು, ಇನ್ನೊಂದು ಬಲಕ್ಕೆ.