ಸೂಕ್ಷ್ಮಧೂಳಿಯೂ ಶ್ವಾಸಕೋಶವೂ: ಗಣಿಗಳ ಇತಿಹಾಸದ ಬೆಳಕಿನಲ್ಲಿ

ಗದಗ ಸೀಮೆಯ ಅಸುಂಡಿಯಂತಹ ಒಕ್ಕಲುತನದ ಊರುಗಳಿಗೆ ಧೂಳು ಹೊಸದಲ್ಲ. ರಾಶಿ ತೂರುವಾಗ ಏಳುವ ಹೊಟ್ಟೂ ಬಂಡಿಯ ಹಾದಿಯ ಮಣ್ಣೂ ಕಣ್ಣಿಗೆ ಕಾಣತಕ್ಕವು. ಅವುಗಳ ಬಹುಪಾಲನ್ನು ಮೂಗಿನ ಕೂದಲೂ ಶ್ವಾಸನಾಳದ ಲೋಳೆಯೂ ತಡೆದು ಹೊರದೂಡುತ್ತವೆ. ಆದರೆ ಕಣ್ಣಿಗೆ ಕಾಣದ ಧೂಳಿಯೇ ಹೆಚ್ಚು ಅಪಾಯಕರವಾದುದು. ಅದು ಜೀವಕೋಶಗಳನ್ನು ಕೆಡಿಸುವ ಬಗೆಯನ್ನೂ, ಮಾನವ ಸಮಾಜವು ಅದನ್ನು ಗಮನಕ್ಕೆ ತಂದುಕೊಂಡ ಬಗೆಯನ್ನೂ ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

2.5 ಮೈಕ್ರೋಮೀಟರಿಗಿಂತ ಕಿರಿದಾದ ಕಣವು ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲಿನಷ್ಟೂ ಇರುವುದಿಲ್ಲ. ಆದುದರಿಂದ ಅದು ಶ್ವಾಸಕೋಶದ ಕೊನೆಯ ವಾಯುಕೋಶಗಳವರೆಗೆ ಇಳಿಯಬಲ್ಲದು. ಅಲ್ಲಿ ಲೋಳೆಯ ಕಾವಲಿಲ್ಲ. ಭಕ್ಷಕಕೋಶಗಳು ಹೊರಗಿನ ಕಣವನ್ನು ನುಂಗಿ ಅರಗಿಸಲೆತ್ನಿಸುತ್ತವೆ. ಬೆಣಚುಕಲ್ಲಿನ ಕಣವಾದರೋ ಅರಗುವುದಿಲ್ಲ. ಅದು ಭಕ್ಷಕಕೋಶದೊಳಗಿನ ಪಾಚಕರಸದ ಚೀಲವನ್ನು ಒಡೆಯುತ್ತದೆ; ಕೋಶವು ಸಾಯುತ್ತದೆ; ಕಣವು ಮತ್ತೆ ಹೊರಬೀಳುತ್ತದೆ. ಅದನ್ನು ನುಂಗಿದ ಮತ್ತೊಂದು ಕೋಶಕ್ಕೂ ಅದೇ ಗತಿ. ಈ ಸರಣಿಯಿಂದ ಉರಿಯೂತವು ನೆಲೆಯೂರಿ, ಮೃದುವಾದ ಅಂಗಾಂಶದ ಸ್ಥಾನದಲ್ಲಿ ಗಡುಸಾದ ನಾರು ಬೆಳೆಯುತ್ತದೆ. ಇದೇ ಸಿಲಿಕೋಸಿಸ್ ರೋಗ. ಇದು ಬಂದವರಿಗೆ ಕ್ಷಯವೂ ಸುಲಭವಾಗಿ ತಗಲುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗದಗ ಪ್ರಾಂತದ ಹೊಸೂರು, ಕಬಲಾಯತಕಟ್ಟಿಗಳ ಬಳಿ ಬೆಣಚುಕಲ್ಲನ್ನು ಅಗೆದು ಚಿನ್ನ ತೆಗೆಯುವ ಯತ್ನ ನಡೆಯಿತಾದರೂ ಅದು ಬಹುಕಾಲ ಬಾಳಲಿಲ್ಲ. ಅದೇ ಬಗೆಯ ಉದ್ಯಮವು ಮಹಾಪ್ರಮಾಣದಲ್ಲಿ ಬೆಳೆದುದು ಕೋಲಾರದಲ್ಲಿ. ಅಲ್ಲಿ 1880ರಲ್ಲಿ ಜಾನ್ ಟೇಲರ್ ಸಂಸ್ಥೆಯು ಕೈಹಾಕಿದ ಗಣಿಗಾರಿಕೆಯು 2001ರಲ್ಲಿ ನಿಂತಿತು. ಅಷ್ಟರಲ್ಲಿ ಸುಮಾರು 800 ಟನ್ನು ಚಿನ್ನ ಹೊರಬಂದಿತ್ತು. ಮೈಸೂರು ಸಂಸ್ಥಾನದ ಸಿಲಿಕೋಸಿಸ್ ನಿಯಮಗಳು ಬಂದುದು 1940ರಲ್ಲಿ, ಎಂದರೆ ಅರುವತ್ತು ವರ್ಷಗಳ ತರುವಾಯ. ಚಿನ್ನವನ್ನು ಗುಂಜಿ ಗುಂಜಿಯಾಗಿ ತೂಗಿದ ಕಾಲವು ಗಣಿಗಾರನ ಎದೆಯಲ್ಲಿ ನಿಂತ ಧೂಳಿಯನ್ನು ಲೆಕ್ಕಕ್ಕೆ ತಂದುದು ಬಹು ತಡವಾಗಿ. ರೋಗವು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವುದೂ ಈ ವಿಳಂಬಕ್ಕೆ ಒಂದು ಕಾರಣ.

ಇದು ಗಣಿಗಳಿಗೆ ಮಾತ್ರ ಸೀಮಿತವಾದ ವಿಷಯವಲ್ಲ. ಸೌದೆಯ ಒಲೆ, ಮೋಟಾರು ವಾಹನ, ಸುಡುವ ಕಸ, ಇವುಗಳ ಹೊಗೆಯಲ್ಲಿಯೂ ಅಷ್ಟೇ ಸೂಕ್ಷ್ಮವಾದ ಮಸಿಯ ಕಣಗಳಿವೆ. ಇವು ಬೆಣಚಿನಂತೆ ವರ್ತಿಸದಿದ್ದರೂ, ತಮಗಂಟಿದ ಲೋಹ ಮತ್ತು ರಾಸಾಯನಿಕಗಳಿಂದ ಜೀವಕೋಶದಲ್ಲಿ ಉಗ್ರವಾದ ಆಮ್ಲಜನಕ ಸಂಯುಕ್ತಗಳನ್ನು ಹುಟ್ಟಿಸಿ, ಕೋಶದ ಪೊರೆಯನ್ನೂ ವಂಶವಾಹಿಯನ್ನೂ ಘಾಸಿಗೊಳಿಸುತ್ತವೆ. ವಾಯುವಿನ ಒಂದು ಘನಮೀಟರಿನಲ್ಲಿ ಇಂತಹ ಕಣಗಳ ವಾರ್ಷಿಕ ಸರಾಸರಿಯು 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದೆ; ಭಾರತವು 2009ರಲ್ಲಿ ನಿಗದಿಪಡಿಸಿದ ಮಿತಿ 40.

ಗಣಿಯ ಧೂಳಿಯನ್ನು ಅಳೆಯುವ ಹೊಣೆ ಗಣಿಯ ಒಡೆಯರಿಗಿತ್ತು. ಅಸುಂಡಿಯ ಅಡುಗೆಮನೆಯಲ್ಲಿ ಒಲೆಯೂದುವ ತಾಯಿಯ ಉಸಿರನ್ನು ಅಳೆಯುವವರು ಯಾರು? ಕೋಲಾರದಲ್ಲಾದ ವಿಳಂಬವು ಇಲ್ಲಿಯೂ ಆಗಬಾರದೆಂದರೆ, ಈ ಪ್ರಶ್ನೆಯನ್ನು ನಮ್ಮ ವಿದ್ಯಾಲಯಗಳು ತಮ್ಮದೆಂದು ಭಾವಿಸಬೇಕು.