ಕಾರಿನ ಬಣ್ಣಕ್ಕೆ ಸಿಂಪಡಿಸುವ ಸೀಲೆಂಟ್: ಮನೆಯಲ್ಲೇ ಹಚ್ಚುವ ಕ್ರಮ

ಮಂಜೇಶ್ವರದಿಂದ ಚಂದ್ರಗಿರಿಯವರೆಗಿನ ನಮ್ಮ ಊರುಗಳಲ್ಲಿ ಇಂದು ಅನೇಕ ಮನೆಗಳ ಅಂಗಳದಲ್ಲಿ ಒಂದು ಕಾರೋ ಜೀಪೋ ಕಾಣಸಿಗುತ್ತದೆ. ಕೆಲವು ಹಲವು ವರ್ಷಗಳ ಉಳಿತಾಯದಿಂದ ಕೊಂಡವು, ಕೆಲವು ಬ್ಯಾಂಕಿನ ಸಾಲದ ಮೇಲೆ ನಿಂತವು, ಇನ್ನು ಕೆಲವು ಬಾಡಿಗೆಗೆ ಓಡಿ ಮನೆಯನ್ನು ನಡೆಸುವಂಥವು. ಇಂತಹ ವಾಹನದ ಬಣ್ಣ ಕೆಟ್ಟರೆ ಅಂದ ಮಾತ್ರ ಹೋಗುವುದಲ್ಲ. ಬಣ್ಣ ಬಿಟ್ಟಲ್ಲಿ ತಗಡಿಗೆ ತುಕ್ಕು ಹಿಡಿಯುತ್ತದೆ, ಮಾರುವ ದಿನ ಬೆಲೆಯೂ ಇಳಿಯುತ್ತದೆ.

ಬಣ್ಣವನ್ನು ಕಾಪಾಡಲೆಂದು ಸಿಂಪಡಿಸಿ ಒರೆಸುವ ಸೀಲೆಂಟ್ ಬಾಟಲಿಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳೇ ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕೆಂಬುದು 2011ರ ಕೇಂದ್ರ ನಿಯಮ. ಹೀಗಿರುವಾಗ ಬಳಸುವ ಕ್ರಮ ಕನ್ನಡದಲ್ಲಿ ಸಿಗುವುದು ಅಪರೂಪ. ಆ ಕೊರತೆಯನ್ನು ಕೊಂಚ ಮಟ್ಟಿಗೆ ತುಂಬುವುದು ಈ ಬರೆಹದ ಉದ್ದೇಶ.

ಸೀಲೆಂಟ್ ಮಾಡುವ ಕೆಲಸ

ಕಾರಿನ ತಗಡಿನ ಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಈ ಮೇಲ್ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರಾನ್‌ಗಳಿವೆ. ಅಂದರೆ 50 ಮೈಕ್ರಾನಿನ 20 ಪದರಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ. ಮನೆಯ ಮಕ್ಕಳಿಗೆ ಇದೊಂದು ಒಳ್ಳೆಯ ಲೆಕ್ಕವೂ ಹೌದು. ಒಮ್ಮೆ ಉಜ್ಜಿಹೋದ ಈ ಪದರ ಮತ್ತೆ ಬೆಳೆಯುವುದಿಲ್ಲ.

ಸೀಲೆಂಟಿನಲ್ಲಿರುವ ಪಾಲಿಮರ್ ಅಥವಾ ಸಿಲಿಕಾ ಅಂಶ ಕ್ಲಿಯರ್ ಕೋಟಿನ ಮೇಲೆ ಅತಿ ತೆಳುವಾದ ಹೊದಿಕೆಯಾಗಿ ನಿಲ್ಲುತ್ತದೆ. ಆಗ ಕೆಸುವಿನ ಎಲೆಯ ಮೇಲಿನಂತೆ ನೀರು ಹನಿಗಟ್ಟಿ ಜಾರುತ್ತದೆ. ಧೂಳು, ಹಕ್ಕಿಯ ಹಿಕ್ಕೆ, ಮರದ ಅಂಟು ಬಲವಾಗಿ ಕಚ್ಚಿಕೊಳ್ಳುವುದಿಲ್ಲ. ಆದರೆ ಇದು ಗೀರನ್ನು ಅಳಿಸದು, ತುಕ್ಕನ್ನು ವಾಸಿಮಾಡದು. ಕೆಳಗೆ ಕೊಳೆ ಇದ್ದರೆ ಆ ಕೊಳೆಯನ್ನೇ ಭದ್ರಪಡಿಸುತ್ತದೆ. ಆದುದರಿಂದ ಈ ಕೆಲಸದ ಮುಕ್ಕಾಲು ಪಾಲು ಬಾಟಲಿ ತೆರೆಯುವ ಮೊದಲೇ ಮುಗಿದಿರಬೇಕು.

ಕಾಲ ಮತ್ತು ಸ್ಥಳ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿ, ಒಳನಾಡಿನಲ್ಲಿ ಮುರಕಲ್ಲಿನ ಕೆಂಪು ಧೂಳು, ಗೇರು ಮತ್ತು ಹಲಸಿನ ಮರಗಳ ಕೆಳಗೆ ನಿಲ್ಲಿಸಿದರೆ ಅಂಟು. ಇವುಗಳ ನಡುವೆ ಪತ್ತನಾಜೆಗೆ ಮೊದಲು ಒಮ್ಮೆ, ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಇನ್ನೊಮ್ಮೆ ಹಚ್ಚುವುದು ಅನುಕೂಲಕರ.

ಬೆಳಗ್ಗೆ ಅಥವಾ ಸಂಜೆ, ನೆರಳಿನಲ್ಲಿ, ಬಾನೆಟ್ ಕೈಗೆ ತಣ್ಣಗಿರುವಾಗ ಕೆಲಸ ಆರಂಭಿಸಬೇಕು. ಕಾದ ತಗಡಿನ ಮೇಲೆ ದ್ರವ ಹರಡುವ ಮೊದಲೇ ಒಣಗಿ ಕಲೆಯಾಗುತ್ತದೆ. ಆಟಿಯ ತೇವಭರಿತ ಹವೆಯಲ್ಲಿ ಅದು ಬೇಗ ಆರದೆ ಮಬ್ಬು ಉಳಿಯುತ್ತದೆ. ಮರದ ನೆರಳಿಗಿಂತ ಮಾಡಿನ ನೆರಳು ಮೇಲು.

ತೊಳೆಯುವುದು, ಒಣಗಿಸುವುದು

ಒಣ ಬಟ್ಟೆಯಿಂದ ಧೂಳು ಕೊಡವುವ ಅಭ್ಯಾಸವನ್ನು ಮೊದಲು ಬಿಡಬೇಕು. ಕೆಂಪು ಧೂಳಿನ ಕಣಗಳು ಬಟ್ಟೆಯ ಕೆಳಗೆ ಮರಳು ಕಾಗದದಂತೆ ವರ್ತಿಸುತ್ತವೆ; ಬಿಸಿಲಿನಲ್ಲಿ ಕಾಣುವ ಜೇಡರ ಬಲೆಯಂತಹ ಸಣ್ಣ ಗೀರುಗಳು ಹೆಚ್ಚಾಗಿ ಹೀಗೆಯೇ ಹುಟ್ಟುತ್ತವೆ. ಧಾರಾಳ ನೀರು ಹಾಯಿಸಿ ಧೂಳನ್ನು ಮೊದಲು ಇಳಿಸಬೇಕು. ಆಯುಧಪೂಜೆಯ ಗಂಧ ಕುಂಕುಮವನ್ನೂ ಕೆರೆಯದೆ ನೀರಿನಲ್ಲಿ ನೆನೆಸಿಯೇ ತೆಗೆಯಬೇಕು.

ಎರಡು ಬಾಲ್ದಿಗಳನ್ನು ಇಟ್ಟುಕೊಳ್ಳಿರಿ. ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ತೊಳೆಯುವ ಬಟ್ಟೆಯನ್ನು ಪ್ರತಿ ಸಲವೂ ಬರಿಯ ನೀರಿನಲ್ಲಿ ಅದ್ದಿ ಮಣ್ಣು ಬಿಟ್ಟ ಮೇಲೆಯೇ ಶಾಂಪೂ ನೀರಿಗೆ ಹಾಕಬೇಕು. ಮಾಡಿನಿಂದ ಆರಂಭಿಸಿ ಕೆಳಗೆ ಬರಬೇಕು. ಚಕ್ರಗಳಿಗೆ ಬೇರೆ ಬಟ್ಟೆಯೇ ಇರಲಿ.

ಬಾವಿಯ ನೀರಿನಲ್ಲಿ ಕಬ್ಬಿಣದ ಕೆಂಪು ಅಥವಾ ಉಪ್ಪಿನ ಅಂಶವಿದ್ದರೆ ಅದು ತಾನಾಗಿ ಆರಲು ಬಿಡಬಾರದು. ಬಿಳಿಯ ಅಥವಾ ಕಂದು ಚುಕ್ಕೆಗಳು ಉಳಿಯುತ್ತವೆ. ಶುಭ್ರವಾದ ಮೈಕ್ರೋಫೈಬರ್ ಬಟ್ಟೆಯಿಂದ ಕೂಡಲೇ ಒತ್ತಿ ಒಣಗಿಸಿರಿ. ಬಾಗಿಲಿನ ಸಂದು, ಕನ್ನಡಿಯ ಬುಡ, ನಂಬರ್ ಪ್ಲೇಟಿನ ಹಿಂಬದಿಗಳಲ್ಲಿ ನಿಂತ ನೀರು ಆಮೇಲೆ ಜಿನುಗಿ ಲೇಪವನ್ನು ಕೆಡಿಸುತ್ತದೆ.

ಹಚ್ಚುವುದು, ಒರೆಸುವುದು

ಬಾಟಲಿಯನ್ನು ಚೆನ್ನಾಗಿ ಕುಲುಕಿರಿ. ಮೊದಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಹಚ್ಚಿ ಪರೀಕ್ಷಿಸಿರಿ. ಬಳಿಕ ಒಂದೊಂದೇ ಭಾಗ: ಒಂದು ಬಾಗಿಲು, ಅರ್ಧ ಬಾನೆಟ್. ಅಷ್ಟಕ್ಕೆ ಎರಡು ಮೂರು ಸಿಂಪಡಿಕೆ ಸಾಕು. ಗಾಳಿ ಬೀಸುತ್ತಿದ್ದರೆ ನೇರವಾಗಿ ಕಾರಿಗಲ್ಲ, ಬಟ್ಟೆಗೆ ಸಿಂಪಡಿಸಿರಿ. ನಾಲ್ಕಾಗಿ ಮಡಚಿದ ಮೈಕ್ರೋಫೈಬರ್ ಬಟ್ಟೆಯಿಂದ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ತೆಳುವಾಗಿ ಹರಡಬೇಕು.

ಗ್ಯಾರೇಜಿನವರು ಬಫಿಂಗ್ ಎನ್ನುವ ಕೆಲಸ ಇಲ್ಲಿಂದ ಮುಂದಿನದು. ದ್ರವ ಪೂರ್ತಿ ಒಣಗುವ ಮೊದಲೇ ಒಣಗಿದ ಎರಡನೆಯ ಬಟ್ಟೆಯಿಂದ ಹಗುರವಾಗಿ ಒರೆಸುತ್ತ ಬರಬೇಕು. ಕೆಲವು ಬಗೆಗಳಿಗೆ ಒಂದೆರಡು ನಿಮಿಷ ಕಾಯಬೇಕೆಂಬ ಸೂಚನೆ ಇರುತ್ತದೆ, ಅದನ್ನು ಪಾಲಿಸಬೇಕು. ಬಟ್ಟೆ ತೇವವಾದೊಡನೆ ಮಗ್ಗುಲು ಬದಲಿಸಿರಿ. ಬಲ ಹಾಕಿ ತಿಕ್ಕುವ ಅಗತ್ಯವಿಲ್ಲ. ಓರೆ ಬೆಳಕಿನಲ್ಲಿ ನೋಡಿದಾಗ ಗೆರೆಗಳಾಗಲಿ ಮಬ್ಬಾಗಲಿ ಕಂಡರೆ ದ್ರವ ಹೆಚ್ಚಾಯಿತೆಂದೇ ಅರ್ಥ. ತುಸು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆ ಆಡಿಸಿದರೆ ಅದು ಸಾಮಾನ್ಯವಾಗಿ ಹೋಗುತ್ತದೆ. ಹೊಳಪು ಬರುವುದು ಸುರಿದ ದ್ರವದಿಂದಲ್ಲ, ಒರೆಸಿ ತೆಗೆದುದರಿಂದ.

ಹಳೆಯ ಬೈರಾಸು, ಪಂಚೆಯ ತುಂಡು ಇದಕ್ಕೆ ಸಲ್ಲವು. ನೆಲಕ್ಕೆ ಬಿದ್ದ ಬಟ್ಟೆಯನ್ನು ತೊಳೆಯದೆ ಮತ್ತೆ ಕಾರಿಗೆ ಮುಟ್ಟಿಸಬಾರದು. ಮೈಕ್ರೋಫೈಬರನ್ನು ಬೇರೆ ಬಟ್ಟೆಗಳೊಂದಿಗೆ ಒಗೆಯಬಾರದು, ಬಟ್ಟೆ ಮೆತ್ತಗಾಗಿಸುವ ದ್ರವವನ್ನೂ ಹಾಕಬಾರದು.

ಕೆಲಸ ಮುಗಿದ ಮೇಲೆ ಲೇಪ ಗಟ್ಟಿಯಾಗಲು ಬಾಟಲಿಯಲ್ಲಿ ಹೇಳಿದಷ್ಟು ಹೊತ್ತು ಕಾರನ್ನು ಮಳೆಗೂ ಮಂಜಿಗೂ ಒಡ್ಡದಿರಿ. ಸಂಜೆ ಹಚ್ಚಿದರೆ ರಾತ್ರಿ ಮಾಡಿನಡಿಯಲ್ಲೇ ಇರಲಿ.

ತಪ್ಪಬಾರದ ಎಚ್ಚರಗಳು

ಬ್ರೇಕ್ ಡಿಸ್ಕ್, ಟಯರು, ಪೆಡಲ್, ಸ್ಟಿಯರಿಂಗ್, ಬೈಕಿನ ಸೀಟು: ಇವುಗಳಿಗೆ ಸೀಲೆಂಟ್ ತಾಗಬಾರದು. ಜಾರುವ ಗುಣವೇ ಅಲ್ಲಿ ಅಪಾಯ. ಗಾಜಿಗೂ ಸಲ್ಲುತ್ತದೆಂದು ಬಾಟಲಿಯಲ್ಲಿ ಹೇಳದಿದ್ದರೆ ಮುಂಗಾಜಿಗೆ ಹಚ್ಚಬಾರದು. ಮಳೆಯ ರಾತ್ರಿ ವೈಪರ್ ಆಡಿದಾಗ ಎದುರಿನ ದೀಪಗಳು ಮಸುಕಾಗಿ ಹರಡಿ ಕಾಣುತ್ತವೆ.

ಬಾಟಲಿಯ ಮೇಲೆ ಬೆಂಕಿಯ ಚಿಹ್ನೆಯಿದ್ದರೆ ಒಲೆ, ಬೀಡಿ, ದೀಪಗಳ ಸಮೀಪ ಬಳಸಬೇಡಿರಿ. ಕೈಗವಸು ಧರಿಸಿ, ಗಾಳಿಯಾಡುವಲ್ಲಿ, ಮುಖಕ್ಕೆ ಹಾರದಂತೆ ಸಿಂಪಡಿಸಿರಿ. ಮಕ್ಕಳು ತೊಳೆಯಲು ನೆರವಾಗಲಿ, ಸಿಂಪಡಿಸುವುದು ಹಿರಿಯರ ಕೆಲಸವಾಗಿರಲಿ. ಉಳಿದುದನ್ನು ನೀರಿನ ಬಾಟಲಿಗೆ ಎಂದೂ ತುಂಬಿಸಿಡಬೇಡಿರಿ.

ಮುರಕಲ್ಲಿನ ಗುಡ್ಡ ಕೊರೆದು ಸುರಂಗದಿಂದ ನೀರು ಪಡೆದ ನಾಡು ನಮ್ಮದು. ಮುರಕಲ್ಲು ನೀರನ್ನು ಹೀರಿ ಒಳಗಿಳಿಸುವ ಕಲ್ಲು. ಶಾಂಪೂ ನೀರೂ ಅದೇ ದಾರಿ ಹಿಡಿಯುತ್ತದೆ. ಆದುದರಿಂದ ಬಾವಿಕಟ್ಟೆ, ಸುರಂಗದ ಬಾಯಿ, ಮದಕ, ತೋಡುಗಳಿಂದ ದೂರದಲ್ಲಿ ಕಾರು ತೊಳೆಯಿರಿ.

ಒಂದು ಸಲದ ಲೇಪ ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಬಾಳುತ್ತದೆ. ಅದು ಉಳಿದಿದೆಯೇ ಎಂದು ತಿಳಿಯಲು ತೊಳೆದ ಬಾನೆಟಿನ ಮೇಲೆ ಒಂದು ತಂಬಿಗೆ ನೀರು ಸುರಿದರೆ ಸಾಕು. ಹನಿಗಟ್ಟಿ ಉರುಳಿದರೆ ಇದೆ. ಹಾಳೆಯಂತೆ ಹರಡಿ ನಿಂತರೆ ಮತ್ತೆ ಹಚ್ಚುವ ಕಾಲ ಬಂದಿದೆ.