ಸೀಸ ಹಿಡಿಯುವ ಬಾಳೆಸಿಪ್ಪೆ

ಮಕ್ಕಳೇ, ಬಾಳೆಹಣ್ಣು ತಿಂದ ಮೇಲೆ ಸಿಪ್ಪೆಯನ್ನು ಏನು ಮಾಡುತ್ತೀರಿ? ಹಳ್ಳಿಯಲ್ಲಾದರೆ ಹಸುವಿಗೆ, ಪೇಟೆಯಲ್ಲಾದರೆ ಕಸದ ಬುಟ್ಟಿಗೆ, ಅಲ್ಲವೇ? ಆ ಸಿಪ್ಪೆಗೆ ಕೊಳಕು ನೀರಿನಲ್ಲಿರುವ ವಿಷಲೋಹವನ್ನು ಹಿಡಿದಿಡುವ ಗುಣವಿದೆ.

ಬ್ಯಾಟರಿ, ಬಣ್ಣ, ಲೋಹಲೇಪನದ ಕಾರ್ಖಾನೆಗಳು ಹೊರಬಿಡುವ ನೀರಿನಲ್ಲಿ ಸೀಸ, ತಾಮ್ರ, ಕ್ರೋಮಿಯಂ, ಕ್ಯಾಡ್ಮಿಯಂ ಸೇರಿರಬಹುದು. ಇವು ಭಾರಲೋಹಗಳು. ಇವುಗಳಲ್ಲಿ ಸೀಸವಂತೂ ಬೆಳೆಯುವ ಮಕ್ಕಳ ಮಿದುಳಿಗೆ ಕೇಡು. ನೀರು ತಿಳಿಯಾಗಿ ಕಂಡರೂ ಅದರಲ್ಲಿ ಸೀಸ ಕರಗಿರಬಹುದು. ಕುದಿಸಿದರೂ ಅದು ಹೋಗದು. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ರೂಪಾಯಿಯ ಲೆಕ್ಕವೇ ಸಲೀಸು: ಅದು 10 ಕೋಟಿ ರೂಪಾಯಿಯಲ್ಲಿ ಬರೀ 1 ರೂಪಾಯಿ!

ಸಿಪ್ಪೆ ಇದನ್ನು ಹಿಡಿಯುವುದು ಹೇಗೆ? ನೀರಿನಲ್ಲಿ ಕರಗಿದ ಸೀಸದ ಕಣಕ್ಕೆ ಧನ ವಿದ್ಯುದಂಶವಿರುತ್ತದೆ. ಸಿಪ್ಪೆಯ ಪೆಕ್ಟಿನ್ ಮುಂತಾದ ವಸ್ತುಗಳಲ್ಲಿ ಋಣ ವಿದ್ಯುದಂಶದ ಜಾಗಗಳಿರುತ್ತವೆ. ಧನವನ್ನು ಋಣ ಸೆಳೆಯುತ್ತದೆ. ಇದು ಸ್ಪಂಜು ನೀರು ಹೀರಿದಂತಲ್ಲ, ಒದ್ದೆ ಕಾಲಿಗೆ ಮರಳು ಅಂಟಿಕೊಂಡ ಹಾಗೆ. ವಿಜ್ಞಾನದಲ್ಲಿ ಇದಕ್ಕೆ ಅಧಿಶೋಷಣೆ ಎಂದು ಹೆಸರು. ಸಿಪ್ಪೆಯನ್ನು ಪುಡಿ ಮಾಡಿದಷ್ಟೂ ಅಂಟಲು ಜಾಗ ಹೆಚ್ಚು.

2011ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಬಾಳೆಸಿಪ್ಪೆಯ ಪುಡಿಯಿಂದ ನದಿನೀರಿನ ತಾಮ್ರ ಮತ್ತು ಸೀಸವನ್ನು ಹಿಡಿದು ತೋರಿಸಿದರು. ಅದೇ ಪುಡಿಯನ್ನು 11 ಸಲ ಬಳಸಲು ಸಾಧ್ಯವಾಯಿತು. ಭತ್ತದ ಹೊಟ್ಟು, ತೆಂಗಿನ ನಾರು, ಕಡಲೆಕಾಯಿ ಸಿಪ್ಪೆಗಳ ಮೇಲೂ ಇಂಥ ಪ್ರಯೋಗಗಳು ನಡೆದಿವೆ. ನಾವು ಕಸವೆಂದು ಎಸೆಯುವ ಇವೆಲ್ಲ ಅಗ್ಗಕ್ಕೆ ಸಿಗುತ್ತವೆ.

ಆದರೆ ಒಂದು ಮಾತು ನೆನಪಿಡಿ. ಲೋಹ ನಾಶವಾಗುವುದಿಲ್ಲ. ನೀರಿನ ಖಾತೆಯಲ್ಲಿ ಖರ್ಚಾದದ್ದು ಸಿಪ್ಪೆಯ ಖಾತೆಗೆ ಜಮಾ ಆಗುತ್ತದೆ, ಅಷ್ಟೆ. ಆದ್ದರಿಂದ ಹಾಗೆ ಬಳಸಿದ ಸಿಪ್ಪೆಯನ್ನು ದನದ ಬಾನಿಗೂ ಗೊಬ್ಬರದ ಗುಂಡಿಗೂ ಹಾಕುವಂತಿಲ್ಲ. ಆಮ್ಲದಲ್ಲಿ ತೊಳೆದು ಲೋಹವನ್ನು ಬೇರ್ಪಡಿಸಬೇಕು. ಇಲ್ಲವೇ ಅಪಾಯಕಾರಿ ತ್ಯಾಜ್ಯವೆಂದೇ ವಿಲೇವಾರಿ ಮಾಡಬೇಕು. ಮನೆಯ ಕೊಡಕ್ಕೆ ಸಿಪ್ಪೆ ಹಾಕಿ ನೀರು ಶುದ್ಧವಾಯಿತೆಂದು ಕುಡಿಯಲೂಬೇಡಿ. ನೀರಿನ ಹುಳಿ, ಪುಡಿಯ ಪ್ರಮಾಣ ಎಲ್ಲವೂ ಸರಿಹೊಂದಬೇಕು. ಸೀಸ ಹೋಯಿತೋ ಇಲ್ಲವೋ ಎಂಬುದು ಪ್ರಯೋಗಾಲಯದಲ್ಲೇ ತಿಳಿಯಬೇಕು.

ಎಲ್ಲಕ್ಕಿಂತ ಮೇಲಾದದ್ದು, ಲೋಹ ನೀರಿಗೆ ಸೇರದಂತೆ ನೋಡಿಕೊಳ್ಳುವುದು. ಅಜ್ಜ-ಅಜ್ಜಿಯರೇ, ಇನ್ವರ್ಟರ್‌ನ ಹಳೆಯ ಬ್ಯಾಟರಿಯಲ್ಲಿ ಸೀಸವಿದೆ. ಅದನ್ನು ಬಿಚ್ಚದೆ, ಗುಜರಿಗೆ ಹಾಕದೆ, ಬ್ಯಾಟರಿ ಅಂಗಡಿಗೇ ಮರಳಿಸಿ. ಹೋಗುವಾಗ ಮೊಮ್ಮಕ್ಕಳನ್ನೂ ಕರೆದೊಯ್ಯಿರಿ, ಏಕೆಂದು ತಿಳಿಸಿ ಹೇಳಿ.